ಬೀಟೆ ಹಿಡಿಯ ಬಾಕು

ಕ್ವಾರಿಯ ಕಲ್ಲು ಬಲು ಗಟ್ಟಿ. ಬೆಳಿಗ್ಗೆ ಮೊನೆ ಮಾಡಿ ಕೊಟ್ಟ, ಕಲ್ಲು ಸೀಳುವ ಚಾಣ ಸಂಜೆಗೆ ಮೊಂಡಾಗಿ ವಾಪಸು ಬರುತ್ತಿತ್ತು. ಕಮ್ಮಾರ ಮೆಲ್ಲಣ್ಣ ಅವನ್ನು ಒಂದೊಂದಾಗಿ ಕೆಂಡಕ್ಕಿಟ್ಟು, ಬಡಿದು, ನೀರಿಗದ್ದಿ, ಮತ್ತೆ ಮೊನೆ ಬರಿಸುತ್ತಿದ್ದ. ಮಾರನೇ ದಿನ ಮತ್ತೆ ಅದೇ ಚಾಣ, ಅದೇ ಮೊಂಡು. ಕುಲುಮೆಯ ಕೋಣೆಗೆ ಕಿಟಕಿ ಇರಲಿಲ್ಲ. ಹೊಗೆ ಹೋಗಲೆಂದು ಮಾಡಿನ ಒಂದು ತಗಡನ್ನು ಎತ್ತಿ ಕಲ್ಲು ಕೊಟ್ಟಿದ್ದರು. ಹೊಗೆ ಮಾತ್ರ ಆ ದಾರಿ ಬಿಟ್ಟು ಇವನ ಎದೆಯನ್ನೇ ಹುಡುಕಿಕೊಂಡು ಬರುತ್ತಿತ್ತು. ಹೆಂಡತಿ ತಿದಿ ಒತ್ತುತ್ತಿದ್ದಳು. ಕುಲುಮೆಯ ಹಿಂದೆ ಒಂದು ಗೋಣಿಪರದೆ, ಅದರಾಚೆ ಅವರಿಬ್ಬರ ಸಂಸಾರ. ಕೋಣೆ ಧಣಿಯದು. ಕ್ವಾರಿ ಧಣಿಯದು. ಇದ್ದಿಲು ಕೂಡ ಧಣಿಯದು.

"ಕೆಮ್ಮೊಂದು ನಮ್ಮ ಸ್ವಂತದ್ದು," ಅಂತ ಹೆಂಡತಿ ನಗುತ್ತಿದ್ದಳು.

ಅವನ ಸುತ್ತಿಗೆ ಎಷ್ಟು ಜೋರೋ ಮಾತು ಅಷ್ಟು ಮೆಲ್ಲಗೆ. ಅದಕ್ಕೇ ಆ ಹೆಸರು. ಯಾರಾದರೂ ಗದರಿದರೆ, ತಪ್ಪು ಯಾರದೇ ಇರಲಿ, ಮೊದಲು ಇವನೇ ಕೈ ಮುಗಿಯುತ್ತಿದ್ದ. ಬೀದಿಯಲ್ಲಿ ಪೊಲೀಸ್ ಜೀಪು ಹೋದರೆ ಪರದೆ ಹಿಂದೆ ಹೋಗಿ ನೀರು ಕುಡಿಯುತ್ತಿದ್ದ.

ಇಂಥವನನ್ನು ಹುಡುಕಿಕೊಂಡು ಒಂದು ಮಧ್ಯಾಹ್ನ ಕ್ವಾರಿಯ ಮೇಸ್ತ್ರಿ ಬಂದ. ಬಾಗಿಲಲ್ಲಿ ನಿಂತು ಕೂಗುವ ಆಸಾಮಿ ಅವತ್ತು ತಲೆ ಬಗ್ಗಿಸಿ ಒಳಗೇ ಬಂದು, ಮರದ ದಿಮ್ಮಿಯ ಮೇಲೆ ಕೂತ. ಮೆಲ್ಲಣ್ಣನಿಗೆ ಅಷ್ಟಕ್ಕೇ ಅರ್ಧ ಜೀವ ಹೋಯಿತು.

"ಬಾಕು ಮಾಡೋಕೆ ಬರುತ್ತಾ ನಿನಗೆ?"

"ಅಪ್ಪ ಮಾಡ್ತಿದ್ರು. ಕಲಿಸಿದ್ರು. ಈಗ ಯಾರು ಕೇಳ್ತಾರೆ ಮೇಸ್ತ್ರಿಗಳೇ."

"ಧಣಿಗಳು ಕೇಳ್ತಾರೆ. ದೊಡ್ಡವರಿಗೆ ಯಾರಿಗೋ ಉಡುಗೊರೆಯಂತೆ. ಎರಡೂ ಕಡೆ ಅಲಗು ಇರಲಿ. ಹಿಡಿಗೆ ಇದು." ಮೇಸ್ತ್ರಿ ಪೇಪರಿನಲ್ಲಿ ಸುತ್ತಿದ್ದ ಮರದ ತುಂಡು ಕೊಟ್ಟ. ಬೀಟೆ ಮರ. ಕಪ್ಪಿನೊಳಗೆ ಕೆಂಪು ಎಳೆ ಎಳೆಯಾಗಿ ಹರಿದಿತ್ತು. "ಚೆನ್ನಾಗಿ ಬಂದ್ರೆ ಈ ಕೋಣೆ ನಿನ್ನ ಹೆಸರಿಗೇ ಮಾಡಿಸಿಕೊಡ್ತಾರೆ. ಬಾಯಿಬಿಟ್ಟು ಹೇಳಿದ್ದಾರೆ ಧಣಿಗಳು."

ಮೇಸ್ತ್ರಿ ಹೋದ ಮೇಲೆ ಮೆಲ್ಲಣ್ಣ ಆ ಮರವನ್ನು ಮೂಸಿ ನೋಡಿದ. ಹೆಂಡತಿಗೂ ಮೂಸಲು ಕೊಟ್ಟ.

ಅವನು ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಎತ್ತಿಟ್ಟಿದ್ದ. ಅದನ್ನು ಕೆಂಡಕ್ಕಿಟ್ಟ. ಕಿತ್ತಳೆ ಬಣ್ಣ ಬಂದಾಗ ತೆಗೆದು ಬಡಿದ; ಬಣ್ಣ ಇಳಿದರೆ ಮತ್ತೆ ಒಳಗೆ. ಮೊನೆ ಇಳಿಸಿದ. ಎರಡೂ ಕಡೆ ಅಲಗು ತೆಳ್ಳಗಾಗಿ, ನಡುವೆ ಬೆನ್ನೆಲುಬಿನಂಥ ಒಂದು ಏಣು ನಿಂತಿತು. ಎಣ್ಣೆಗೆ ಅದ್ದಿ ಹದ ಕೊಟ್ಟ. ಆಮೇಲೆ ಅರ ಹಿಡಿದು ಕೂತ. ಚಾಣದ ಡಬ್ಬಿ ತುಂಬಿ ತುಳುಕುತ್ತಿದ್ದರೂ ಅವನಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಬೀಟೆಯನ್ನು ಉದ್ದಕ್ಕೆ ಸೀಳಿ, ಎರಡು ಹೋಳಿನ ಒಳಮೈಯನ್ನೂ ಕೆತ್ತಿ, ಅಲಗಿನ ಬಾಲ ಅದರೊಳಗೆ ಅಲ್ಲಾಡದೆ ಮಲಗುವಂತೆ ಮಾಡಿದ. ಹಿತ್ತಾಳೆ ಮೊಳೆ ಹಾಯಿಸಿ ಎರಡು ತಲೆಯನ್ನೂ ಬಡಿದು ಕೂರಿಸಿದ. ಗಾಜಿನ ಚೂರಿನಿಂದ ಹೆರೆದು ಹೆರೆದು, ಮುಷ್ಟಿ ಮುಚ್ಚಿದರೆ ಬೆರಳು ತಾನಾಗಿ ತನ್ನ ಜಾಗ ಕಂಡುಕೊಳ್ಳಬೇಕು, ಹಾಗೆ ಮಾಡಿದ. ಅಗಸೆ ಎಣ್ಣೆ ಒರೆಸಿದಾಗ ಕೆಂಪು ಎಳೆಗಳು ಎದ್ದು ಬಂದವು.

"ಒಂದು ದಿನಾದ್ರೂ ನನ್ನ ಮುಖ ಹೀಗೆ ನೋಡಿದ್ದೀರಾ ನೀವು?" ಹೆಂಡತಿ ತಿದಿ ಬಿಟ್ಟು ಹತ್ತಿರ ಬಂದಳು.

"ನಿನ್ನ ಮುಖಕ್ಕೆ ಎಣ್ಣೆ ಹಾಕಬೇಕಾಗಿಲ್ಲವಲ್ಲ."

ಇಬ್ಬರೂ ನಕ್ಕರು. ಆ ಕೋಣೆಯಲ್ಲಿ ಅವರು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕೊನೆ.

ಮೇಸ್ತ್ರಿ ಮತ್ತೆ ಬಂದ. ಬಾಕು ಹಿಡಿದು ತಿರುಗಿಸಿ ನೋಡಿ, ಚೆನ್ನಾಗಿದೆ ಅಂತ ತಲೆದೂಗಿದ. "ಒಂದು ಕೆಲಸ ಬಾಕಿ. ಹಿಡಿ ಮೇಲೆ ಹಿತ್ತಾಳೆ ತಂತಿಯಲ್ಲಿ ಒಂದು ಗುರುತು ಕೂರಿಸಬೇಕು." ಬಗ್ಗಿ, ನೆಲದ ಬೂದಿಯಲ್ಲಿ ಕಡ್ಡಿಯಿಂದ ಬರೆದು ತೋರಿಸಿದ. ಒಂದು ಕಾಲು, ಅದರ ತುದಿಗೆ ಮೂರು ಬೆರಳು.

ಮೆಲ್ಲಣ್ಣನಿಗೆ ಕೂಡಲೇ ಗುರುತು ಸಿಕ್ಕಿತು. ಅದು ಕೋಳಿಕಾಲು. ಚಾಣಗಳು ಒಬ್ಬರದು ಇನ್ನೊಬ್ಬರಿಗೆ ಬೆರೆಯದಿರಲಿ ಅಂತ ಪ್ರತಿಯೊಬ್ಬ ಕಲ್ಲುಕುಟಿಗನ ಚಾಣಕ್ಕೂ ಒಂದೊಂದು ಗುರುತು ಇರುತ್ತಿತ್ತು. ಒಬ್ಬನದು ಚುಕ್ಕಿ, ಒಬ್ಬನದು ಏಣಿ, ಒಬ್ಬನದು ಅರ್ಧಚಂದ್ರ. ಹೊಡೆದವನು ಮೆಲ್ಲಣ್ಣನೇ. ಕೋಳಿಕಾಲು ಗಟ್ಟಿಬಾಯಿ ಅಂತ ಎಲ್ಲರೂ ಕರೆಯುವ ಕಲ್ಲುಕುಟಿಗನದು.

ಗಟ್ಟಿಬಾಯಿ ಕ್ವಾರಿಯ ತಳದಲ್ಲಿ ನಿಂತು ಮಾತಾಡಿದರೆ ಮೇಲಿನ ರಸ್ತೆಗೆ ಕೇಳುತ್ತಿತ್ತು. ಹೋದ ತಿಂಗಳು ಸೀಟಿ ಊದದೆ ಮದ್ದು ಸಿಡಿಸಿದಾಗ ಕೆಳಗೆ ಇನ್ನೂ ಜನ ಇದ್ದರು. ಜಲ್ಲಿ ಒಡೆಯುವ ಒಬ್ಬಳ ಗಂಡ ಸತ್ತ. ಕುಡಿದು ಬಂದು ಬಂಡೆ ಕೆಳಗೆ ಮಲಗಿದ್ದ ಅಂತ ಧಣಿ ಹೇಳಿಸಿದ. ಸತ್ತವನು ಹೆಂಡ ಮುಟ್ಟಿದವನಲ್ಲ. ಮದ್ದು ಸಿಡಿಸು ಅಂತ ಮೇಸ್ತ್ರಿ ಕೈ ಬೀಸಿದ್ದನ್ನು ಗಟ್ಟಿಬಾಯಿ ಕಣ್ಣಾರೆ ಕಂಡಿದ್ದ. ಕಂಡದ್ದನ್ನು ಸರ್ಕಾರದ ದೊಡ್ಡ ಆಫೀಸಿನ ತನಕ ಮುಟ್ಟಿಸಿದ್ದ. ವಿಚಾರಣೆಗೆ ಆಫೀಸರ್ ಬರುವ ದಿನ ಹತ್ತಿರವಾಗಿತ್ತು.

"ಮೇಸ್ತ್ರಿಗಳೇ, ಇದು ಗಟ್ಟಿಬಾಯಿದು ಅಲ್ವಾ?"

"ಊರಲ್ಲಿ ಒಂದೇ ಕೋಳಿ ಇರೋದಾ?" ಮೇಸ್ತ್ರಿ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಯಾರಾದ್ರೂ ಬಂದು ಕೇಳಿದ್ರೆ, ಅವನೇ ಮಾಡಿಸ್ಕೊಂಡ ಅನ್ನು. ಧಣಿ ಮೇಲೆ ಅವನಿಗೆ ಸಿಟ್ಟಿತ್ತು, ಹಲ್ಲು ಕಡೀತಿದ್ದ ಅನ್ನು. ಅಷ್ಟೇ ನಿನ್ನ ಕೆಲಸ."

"ಯಾರು ಕೇಳ್ತಾರೆ?"

"ಜೀಪಲ್ಲಿ ಬರೋರು."

ಮೆಲ್ಲಣ್ಣ ಕೈ ಮುಗಿದ. "ನನ್ನನ್ನ ಬಿಟ್ಟುಬಿಡಿ. ನನಗೆ ಅಲ್ಲೆಲ್ಲ ನಿಂತು ಮಾತಾಡೋಕೆ ಬರಲ್ಲ."

"ನಿನಗೆ ಹೆದರಿಕೆ ಜಾಸ್ತಿ ಅಂತ ಗೊತ್ತು ಮಾರಾಯ. ಅದಕ್ಕೇ ನಿನ್ನ ಹತ್ತಿರ ಬಂದಿದ್ದು." ಮೇಸ್ತ್ರಿ ಅವನ ಹೆಗಲ ಮೇಲೆ ಕೈಯಿಟ್ಟ. "ಆಗಲ್ಲ ಅಂದ್ರೆ ಬಾಕು ನಿನ್ನ ಕೋಣೇಲೇ ಸಿಗುತ್ತೆ. ನೀನೇ ಒಳಗೆ ಹೋಗ್ತೀಯ. ನಾಡಿದ್ದು ಬಂದು ತಗೊಂಡು ಹೋಗ್ತೀನಿ."

ಹೆಂಡತಿ ಪರದೆಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಈಚೆ ಬಂದು ಬೂದಿಯಲ್ಲಿದ್ದ ಕೋಳಿಕಾಲನ್ನು ಕಾಲಲ್ಲೇ ಅಳಿಸಿದಳು.

"ಕೂರಿಸಬೇಡಿ ಅದನ್ನ."

"ಕೂರಿಸದಿದ್ರೆ ನನ್ನನ್ನ ಎಳ್ಕೊಂಡು ಹೋಗ್ತಾರೆ."

"ಬಾಕು ಮುರಿದು ಹಾಕಿ."

"ಮುರಿದ್ರೆ ಇನ್ನೊಬ್ಬ ಕಮ್ಮಾರನ ಕೈಲಿ ಇನ್ನೊಂದು ಮಾಡಿಸ್ತಾರೆ. ಕೋಳಿಕಾಲು ಬರೆಯೋದು ಏನು ಬ್ರಹ್ಮವಿದ್ಯೆಯಾ?"

"ಊರು ಬಿಟ್ಟು ಹೋಗೋಣ."

"ಈ ಕಬ್ಬಿಣ ಬಡಿಯೋ ಅಡಿಗಲ್ಲು ಹೊತ್ಕೊಂಡು ಎಲ್ಲಿಗೆ ಹೋಗೋಣ ಹೇಳು."

"ಗಟ್ಟಿಬಾಯಿ ಮನೇಲಿ ಎಳೇ ಮಗು ಇದೆ," ಅಂದಳು. ಅಷ್ಟು ಹೇಳಿ ಹೋದವಳು ಮತ್ತೆ ಅವನ ಜೊತೆ ಮಾತಾಡಲಿಲ್ಲ. ತಿದಿ ಒತ್ತಿದಳು, ತಟ್ಟೆ ಇಟ್ಟಳು. ಮುಖ ಕೊಟ್ಟು ನೋಡಲಿಲ್ಲ.

ಮೆಲ್ಲಣ್ಣ ಗುರುತು ಕೂರಿಸಿದ. ಬೀಟೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗೀರು ತೋಡಿ ಹಿತ್ತಾಳೆ ತಂತಿ ಬಡಿಯಬೇಕು. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಈಗ ಮಾತ್ರ ಸಣ್ಣ ಉಳಿ ಜಾರಿ ಹೆಬ್ಬೆರಳಿಗೆ ಹೊಕ್ಕಿತು. ರಕ್ತ ಮರದ ಎಳೆಗೆ ಇಳಿದದ್ದು ಎಷ್ಟು ಒರೆಸಿದರೂ ಹೋಗಲಿಲ್ಲ. ಕೆಲಸ ಮುಗಿದಾಗ ಹಿತ್ತಾಳೆಯ ಕೋಳಿಕಾಲು ಮಿಣ್ಣಗೆ ಹೊಳೆಯುತ್ತಿತ್ತು. ಅವನು ಅದನ್ನು ಮಗುಚಿ ಇಟ್ಟ.

ಬಾಕು ಎಲ್ಲಿಡುವುದು ಅನ್ನುವುದೇ ದೊಡ್ಡ ಚಿಂತೆಯಾಯಿತು. ಇದ್ದಿಲ ರಾಶಿಯಲ್ಲಿ ಹುದುಗಿಸಿದ. ಯಾರಾದರೂ ಕೆದಕಿದರೆ? ತೆಗೆದು ಹಿಟ್ಟಿನ ಡಬ್ಬಿಗೆ ಹಾಕಿದ. ಹೆಂಡತಿ ಅದನ್ನು ಎತ್ತಿ ಅವನ ಮುಂದೆ ಕುಕ್ಕಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡ. ಬೀದಿಯಲ್ಲಿ ಯಾರೋ ಕೆಮ್ಮಿದರೂ ಬೆವರು ಕಿತ್ತು ಬಂತು. ಪಕ್ಕದ ಮನೆಯವಳು ಬೆಂಕಿಕೊಳ್ಳಿ ಕೇಳಲು ಬಂದರೆ ಇವನು ಗೋಡೆಗೆ ಬೆನ್ನು ಕೊಟ್ಟು ನಿಂತ. ಚಾಣ ಒಯ್ಯಲು ಗಟ್ಟಿಬಾಯಿಯೇ ಬಂದ. "ಏನು ಮೆಲ್ಲಣ್ಣ, ಮುಖ ಸುಣ್ಣ ಬಳಿದ ಹಾಗಿದೆ. ಜ್ವರಾನಾ?" ಅಂದ. ಹಣೆ ಮುಟ್ಟಿ ನೋಡಿದ. ಆ ಕೈ ತಣ್ಣಗಿತ್ತು, ಕಲ್ಲುಪುಡಿಯಿಂದ ಒರಟಾಗಿತ್ತು. ಮೆಲ್ಲಣ್ಣ ಮುಖ ತಿರುಗಿಸಿ ಚಾಣಗಳನ್ನು ಅವನ ಮುಂದೆ ಸರಿಸಿದ. ಗಟ್ಟಿಬಾಯಿ ಚಾಣ ಎತ್ತಿಕೊಂಡು, "ಇವತ್ತು ಮಲ್ಕೋ," ಅಂತ ಹೇಳಿ ಹೋದ.

ಅವನು ಹೋದ ಮೇಲೆ ಮೆಲ್ಲಣ್ಣ ಅಡಿಗಲ್ಲಿನ ಪಕ್ಕ ಕುಸಿದು ಕೂತ. ಧಣಿಯ ಹೆದರಿಕೆ ಒಂದು ಕಡೆ, ಜೀಪಿನ ಹೆದರಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ನಾಳೆ ತನ್ನ ಬಾಯಿಂದ ಏನು ಬರುತ್ತದೋ ಅನ್ನುವ ಹೆದರಿಕೆ. ಗದರಿಸಿದರೆ ತಾನು ಏನು ಬೇಕಾದರೂ ಹೇಳಿಬಿಡುತ್ತೇನೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಕ್ವಾರಿಯಲ್ಲಿ ಊಟಕ್ಕೆ ಬಿಡುವ ಹೊತ್ತು. ಅವನು ಎದ್ದ. ಬಾಕುವನ್ನು ಹಳೇ ಟವೆಲಿನಲ್ಲಿ ಸುತ್ತಿದ.

"ಎಲ್ಲಿಗೆ?" ಹೆಂಡತಿ ಕೇಳಿದಳು. ಮಾತು ಬಿಟ್ಟ ಮೇಲೆ ಅವಳಾಡಿದ ಮೊದಲ ಮಾತು.

"ಈ ಹೆದರಿಕೆ ನನ್ನೊಬ್ಬನ ಕೈಲಿ ಹೊರೋಕಾಗ್ತಿಲ್ಲ ಕಣೆ."

ಅವಳು ಕುಲುಮೆಗೆ ಬೂದಿ ಎಳೆದು, ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೊರಟಳು.

ಕ್ವಾರಿಯ ತಳದಲ್ಲಿ ಎಲ್ಲರೂ ಬಂಡೆಯ ನೆರಳಿಗೆ ಸೇರಿ ಬುತ್ತಿ ಬಿಚ್ಚಿದ್ದರು. ಕಲ್ಲುಕುಟಿಗರು ಒಂದು ಕಡೆ, ಜಲ್ಲಿ ಒಡೆಯುವ ಹೆಂಗಸರು ಒಂದು ಕಡೆ. ಇಳಿಜಾರಿನಲ್ಲಿ ಮೆಲ್ಲಣ್ಣನ ಕಾಲು ಎರಡು ಸಲ ಜಾರಿತು. ನಡುವಿನ ಚಪ್ಪಟೆ ಕಲ್ಲಿನ ಮೇಲೆ ಟವೆಲು ಇಟ್ಟು ಬಿಚ್ಚಿದ.

ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. "ಏನು ಚೆಂದ ಇದೆ," ಅಂತ ಒಬ್ಬ ಕೈ ಚಾಚಿದ. ಅಷ್ಟರಲ್ಲಿ ಗಟ್ಟಿಬಾಯಿ ಹಿಡಿಯ ಮೇಲಿನ ಗುರುತು ನೋಡಿದ.

"ಇದು ನಂದಲ್ವಾ?"

"ನಿಂದೇ," ಮೆಲ್ಲಣ್ಣ ಹೇಳಿದ. "ಮೇಸ್ತ್ರಿ ಕೂರಿಸು ಅಂದ. ಕೂರಿಸಿದೆ. ನೀನೇ ಮಾಡಿಸ್ಕೊಂಡೆ ಅಂತ ನಾನು ಸಾಕ್ಷಿ ಹೇಳಬೇಕಂತೆ. ನಿನ್ನ ಮನೇಲಿ ಇದನ್ನ ಇಟ್ಟು ಹಿಡಿಸ್ತಾರೆ. ಹೆದರಿಸಿದ್ರೆ ನಾನು ಹೇಳಿಬಿಡ್ತೀನಣ್ಣ. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ. ಅದಕ್ಕೇ ತಂದೆ. ಎಲ್ಲರೂ ನೋಡಿಬಿಡಿ."

ಯಾರೂ ತುತ್ತು ಎತ್ತಲಿಲ್ಲ. ಗಟ್ಟಿಬಾಯಿಯ ಧ್ವನಿ ಅವತ್ತು ಮೊದಲ ಸಲ ಪಿಸುಮಾತಿನಷ್ಟಕ್ಕೆ ಇಳಿಯಿತು. "ಕೂರಿಸಿದೆಯಲ್ಲೋ ಮೆಲ್ಲಣ್ಣ."

"ಕೂರಿಸಿದೆ."

ಗಂಡನನ್ನು ಕಳೆದುಕೊಂಡವಳು ಎದ್ದು ಬಂದಳು. ಬಾಕು ಎತ್ತಿ ನೋಡಿ ಪಕ್ಕದವಳ ಕೈಗೆ ಕೊಟ್ಟಳು. ಅವಳು ಮುಂದಿನವಳಿಗೆ. ಹಾಗೆ ಅದು ಕೈಯಿಂದ ಕೈಗೆ ಸುತ್ತಿತು. ಮುದುಕಿಯೊಬ್ಬಳು ಕಣ್ಣಿನ ಹತ್ತಿರ ಹಿಡಿದು ಆ ಮೂರು ಬೆರಳನ್ನು ಮುಟ್ಟಿ ಮುಟ್ಟಿ ನೋಡಿದಳು.

ಮೇಲಿಂದ ಮೇಸ್ತ್ರಿ ಇಳಿದು ಬಂದ. "ಏನದು ಸಂತೆ?" ಅಂದವನು ಮೆಲ್ಲಣ್ಣನನ್ನು ಕಂಡು ನಿಂತ. ಮೆಲ್ಲಣ್ಣನ ಕೈ ತಾನಾಗಿ ಮುಗಿಯಲು ಹೊರಟಿತು. ಹೆಂಡತಿ ಆ ಕೈ ಹಿಡಿದುಕೊಂಡಳು.

"ನೀವು ಹೇಳಿದ್ದು ಆಯ್ತು ಮೇಸ್ತ್ರಿಗಳೇ," ಅಂದ. "ತಗೊಳ್ಳಿ."

"ನಾನು ಯಾವಾಗ ಹೇಳಿದೆ? ನನಗೂ ಅದಕ್ಕೂ ಏನು ಸಂಬಂಧ?" ಮೇಸ್ತ್ರಿ ಎಲ್ಲರ ಮುಖ ನೋಡಿದ. "ಕೊಡಿ ಇಲ್ಲಿ ಅದನ್ನ."

"ನಿಮ್ಮದಾ?" ಸತ್ತವನ ಹೆಂಡತಿ ಕೇಳಿದಳು.

"ನಂದಲ್ಲ ಅಂದೆನಲ್ಲ."

"ನಿಮ್ಮದಲ್ಲ ಅಂದ ಮೇಲೆ ನಿಮಗ್ಯಾಕೆ ಕೊಡಬೇಕು?"

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಮೇಸ್ತ್ರಿ ತಿರುಗಿ ಬಿರಬಿರನೆ ಮೇಲಕ್ಕೆ ಹತ್ತಿದ. ಆ ನಗು ಮೆಲ್ಲಣ್ಣನಿಗೆ ಇನ್ನಷ್ಟು ಹೆದರಿಕೆ ತಂದಿತು. ಅವನು ಯಾರನ್ನು ಕರೆಯಲು ಹೋದ ಅಂತ ಇವನಿಗೆ ಗೊತ್ತಿತ್ತು.

ಮಧ್ಯಾಹ್ನದ ಕೆಲಸದ ಸೀಟಿ ಆಯಿತು. ಒಬ್ಬರೂ ಏಳಲಿಲ್ಲ. ಬಿಸಿಲು ಬಂಡೆಯಿಂದ ಇಳಿದು ನೆರಳು ಉದ್ದವಾಗುವ ಹೊತ್ತಿಗೆ ಜೀಪು ಬಂತು. ಇನ್ಸ್‌ಪೆಕ್ಟರ್ ಇಳಿದ. ಹಿಂದೆ ಮೇಸ್ತ್ರಿ. ಮೇಲೆ ರಸ್ತೆಯಲ್ಲಿ ಧಣಿಯ ಕಾರು ನಿಂತಿತ್ತು; ಗಾಜು ಇಳಿದಿರಲಿಲ್ಲ.

"ಬಾಕು ಮಾಡಿದ ಕಮ್ಮಾರ ಯಾರು?"

ಮೆಲ್ಲಣ್ಣ ಮುಂದೆ ಬಂದ. ಬರದೆ ಇರಬಹುದಿತ್ತು. ಆದರೆ ಕಾಲು ಎಳೆದುಕೊಂಡು ಬಂದಿತು.

"ಯಾರು ಮಾಡಿಸಿದ್ದು? ನೋಡ್ಕೊಂಡು ಹೇಳು. ಅದರ ಮೇಲೆ ಕೋಳಿಕಾಲು ಇದೆಯಂತೆ. ಆ ಗುರುತಿನವನು ತಾನೇ?"

ಆ ದನಿ ಅವನಿಗೆ ಗೊತ್ತಿದ್ದದ್ದೇ. ಅಂಥ ದನಿಗೆ ಅವನು ಯಾವತ್ತೂ ಹೌದು ಸಾರ್ ಅಂದವನೇ. ಬಾಯಿ ತೆರೆದ. ಸುತ್ತ ಬಂಡೆಯ ಮೇಲೆ ಕೂತವರೆಲ್ಲ ಅವನನ್ನೇ ನೋಡುತ್ತಿದ್ದರು. ಚಡ್ಡಿ ಒದ್ದೆಯಾದದ್ದು ಅವನಿಗೆ ತಿಳಿಯಿತು. ನಾಚಿಕೆಪಡಲೂ ಪುರುಸೊತ್ತಿರಲಿಲ್ಲ.

"ಧಣಿಗಳು ಸಾರ್," ಅಂದ. "ಮೇಸ್ತ್ರಿ ಬಂದು ಹೇಳಿದ್ದು. ಗುರುತು ಹಾಕು ಅಂದಿದ್ದೂ ಅವರೇ. ಹಾಕಿದ್ದು ನಾನು. ಅದು ನನ್ನ ತಪ್ಪು, ಬರ್ಕೊಳ್ಳಿ."

"ಬಾಕು ಎಲ್ಲಿ?"

"ವಿಚಾರಣೆಗೆ ಆಫೀಸರ್ ಬರ್ತಾರಲ್ಲ," ಸತ್ತವನ ಹೆಂಡತಿ ಕೂತಲ್ಲಿಂದಲೇ ಹೇಳಿದಳು. "ಅವರ ಕೈಗೇ ಕೊಡ್ತೀವಿ. ನಾವೆಲ್ಲ ನೋಡಿದ್ದೀವಿ ಅದನ್ನ." ಅವಳು ಅದರ ಮೇಲೇ ಕೂತಿದ್ದಳು. ಎಬ್ಬಿಸಲು ಯಾವ ಪೊಲೀಸನೂ ಮುಂದೆ ಬರಲಿಲ್ಲ.

ಇನ್ಸ್‌ಪೆಕ್ಟರ್ ಮೆಲ್ಲಣ್ಣನ ಕುತ್ತಿಗೆಪಟ್ಟಿಗೆ ಕೈ ಹಾಕಿ ಜೀಪಿಗೆ ತಳ್ಳಿದ. ಒಳಗೆ ಪೆಟ್ರೋಲಿನ ವಾಸನೆ, ಕಬ್ಬಿಣದ ಸೀಟು. ಮೆಲ್ಲಣ್ಣ ಕಂಬಿ ಹಿಡಿದುಕೊಂಡು ಕೂತ. ಠಾಣೆಯಲ್ಲಿ ಹೊಡೆಯುತ್ತಾರೆ, ಖಂಡಿತ ಹೊಡೆಯುತ್ತಾರೆ ಅಂದುಕೊಂಡ.

ಜೀಪು ತಿರುಗಿ ಏರಿನ ಕಡೆ ಮುಖ ಮಾಡಿತು. ಅಲ್ಲಿಂದ ಮೇಲೆ ಹೋಗಲು ಇದ್ದದ್ದು ಒಂದೇ ದಾರಿ. ಆ ದಾರಿಯ ನಡುವೆ ಅವನ ಹೆಂಡತಿ ಹೋಗಿ ಜಲ್ಲಿಯ ಮೇಲೆ ಕೂತುಬಿಟ್ಟಳು. ಅವಳ ಪಕ್ಕ ಗಟ್ಟಿಬಾಯಿ ಕೂತ. ಅವನ ಹಿಂದೆ ಕಲ್ಲುಕುಟಿಗರು ಬಂದರು. ಹೆಂಗಸರು ಬುತ್ತಿಯ ಡಬ್ಬಿ ಎತ್ತಿಕೊಂಡು ಬಂದರು. ಮುದುಕಿಯನ್ನು ಇಬ್ಬರು ರಟ್ಟೆ ಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು.

ಡ್ರೈವರ್ ಹಾರ್ನ್ ಒತ್ತಿದ. ಯಾರೂ ಜರುಗಲಿಲ್ಲ.

"ಇವನನ್ನ ಇಳಿಸಿ," ಗಟ್ಟಿಬಾಯಿಯ ದನಿ ಮೇಲಿನ ರಸ್ತೆಗೆ ಮುಟ್ಟಿತು. "ಇಲ್ಲ, ನಮ್ಮನ್ನೆಲ್ಲ ಹತ್ತಿಸ್ಕೊಳ್ಳಿ. ಹಾಗೇ ಕಾರಲ್ಲಿರೋರನ್ನೂ ಕರೀರಿ."

ಡ್ರೈವರ್ ಇನ್ಸ್‌ಪೆಕ್ಟರನ ಮುಖ ನೋಡಿದ. ಇನ್ಸ್‌ಪೆಕ್ಟರ್ ಮೇಲಿನ ಕಾರಿನ ಕಡೆ ನೋಡಿದ. ಮೆಲ್ಲಣ್ಣ ಕಂಬಿಯ ಸಂದಿಯಿಂದ ಜಲ್ಲಿಯ ಮೇಲೆ ಕೂತವರನ್ನು ನೋಡಿದ. ಅವರಲ್ಲೂ ಎಷ್ಟೋ ಜನರ ಕೈ ನಡುಗುತ್ತಿತ್ತು. ಆದರೂ ಒಬ್ಬರೂ ಏಳಲಿಲ್ಲ.