ನಂಗಿನ ಪಾಲು

ಹತ್ತಾರು ಜನ ಸೇರಿ ಎಳೆಯುವ ರಂಪಣಿ ಬಲೆ ದಡಕ್ಕೆ ಬಂದರೆ ಮೀನು ಹೆಕ್ಕಿ ಬೇರೆ ಮಾಡುವುದು ಹೆಂಗಸರ ಕೆಲಸ. ಕೂಲಿಗೆ ಬದಲು ಬಲೆಗೆ ಬಿದ್ದ ನಂಗು ಮೀನೆಲ್ಲ ಅವರದು. ಎರಡೂ ಕಣ್ಣು ಒಂದೇ ಮಗ್ಗುಲಿಗಿರುವ ಆ ಚಪ್ಪಟೆ ಮೀನನ್ನು ಭಟ್ಕಳದ ದಡದಲ್ಲಿ ಯಾವ ವ್ಯಾಪಾರಿಯೂ ಮೂಸಿ ನೋಡುತ್ತಿರಲಿಲ್ಲ. ಹೊನ್ನಿ ಅದನ್ನು ಪಕ್ಕದ ಹೆಬಳೆ ಊರಿಗೆ ಹೊತ್ತು, ಮನೆಮನೆಗೆ ಕೊಟ್ಟು ಅಕ್ಕಿ ತರುತ್ತಿದ್ದಳು. ಗಂಡ ಸತ್ತ ಮೇಲೆ ಅವಳ ಒಲೆ ಉರಿದದ್ದು ಅದರಿಂದಲೇ.

ಆ ವರ್ಷ, ಮೀನು ಹೆಪ್ಪುಗಟ್ಟಿಸಿ ಪರದೇಶಕ್ಕೆ ಕಳಿಸುವ ಕಾರ್ಖಾನೆಯ ಲಾರಿ ಐಸ್ ತುಂಬಿಕೊಂಡು ಬಂತು. ಮೊದಲು ಸಿಗಡಿ ಕೇಳಿತು, ಆಮೇಲೆ ನಂಗನ್ನೂ ಕೇಳಿತು. ಮರುದಿನವೇ ಬಲೆಯ ಒಡೆಯ ದೇವಪ್ಪ ಹೊನ್ನಿಯ ಬುಟ್ಟಿಯನ್ನು ಕಾಲಲ್ಲಿ ದೂಡಿದ.

"ನಂಗು ಮುಟ್ಟಬೇಡ. ಅದೀಗ ಲಾರಿಗೆ."

"ಹಂಗಾರೆ ನಮ್ಗೆ ಎಂತ?"

"ಚಿಲ್ಲರೆ ಮೀನು ಹೆಕ್ಕಂಡು ಹೋಗಿ."

ಹೊನ್ನಿಯ ಮೈ ಉರಿಯಿತು. "ಗೊಬ್ಬರ ಅಂತ ತೆಂಗಿನ ಬುಡಕ್ಕೆ ಹಾಕುವಾಗ ನಂಗು ನಮ್ದು. ಪರದೇಶದ ದೊರೆಗಳು ತಿಂತ್ರು ಅಂದ ಕೂಡ್ಲೆ ನಿಂದಾತನಾ, ದೇವಪ್ಪಣ್ಣ?"

"ಬಿಡೆ," ಎಂದಳು ಪಕ್ಕದಲ್ಲಿದ್ದ ಬಂಗಾರಿ. "ನಂಗು ಹಿಡ್ದು ಹಿಡ್ದು ಅವನಿಗೂ ಎರಡೂ ಕಣ್ಣು ಒಂದೇ ಬದಿಗೆ ಹೋದೋ. ಲಾರಿ ಬದಿಗೆ!"

ಹೆಂಗಸರು ನಕ್ಕರು. ಹೊನ್ನಿ ನಗಲಿಲ್ಲ, ಮರಳಿನ ಮೇಲೆ ಕೂತು ಕೈ ಕಟ್ಟಿದಳು. "ನೀನೇ ಹೆಕ್ಕು." ಉಳಿದವರೂ ಕೂತರು.

ದೇವಪ್ಪ ಹೆಕ್ಕಲು ಗಂಡಸರನ್ನು ಇಳಿಸಿದ. ಅಭ್ಯಾಸವಿಲ್ಲದ ಕೈಗಳಿಗೆ ಮುಳ್ಳು ಚುಚ್ಚಿತು, ಏಡಿ ಕಚ್ಚಿತು, ಬಿಸಿಲು ಏರಿತು. ಕೊನೆಗೆ ಲಾರಿಯಲ್ಲಿ ಮೀನು ಕೊಳ್ಳಲು ಬಂದಿದ್ದ ಪಾಂಡು ನಂಗೊಂದನ್ನು ಎತ್ತಿ ಹೆಬ್ಬೆರಳಿಂದ ಒತ್ತಿದ. ಒತ್ತಿದ ಗುಳಿ ಹಾಗೇ ಉಳಿಯಿತು.

"ಮೆತ್ತಗಾತು. ಐಸಿಗೆ ಹಾಕಿದ್ರೂ ಕಾರ್ಖಾನೇಲಿ ತಕಳೂದಿಲ್ಲ."

ಲಾರಿ ಖಾಲಿ ಹೋಯಿತು. ದೇವಪ್ಪ ಕೈ ಬೀಸಿ ಹೇಳಿದ, "ಹೋಗಿ, ನಿಮ್ಮ ನಂಗು ನೀವೇ ಹೊತ್ಕಳಿ."

"ಲಾರಿಯವ ಒಲ್ಲೆ ಅಂದದ್ದು ನಮ್ಗಾ? ಇದನ್ನ ಹೆಬಳೆ ಮಕ್ಕಳ ಬಾಯಿಗೆ ಹಾಕ್ಲಾ?" ಹೊನ್ನಿ ಮೀನನ್ನು ಅವನ ಕಾಲಬುಡಕ್ಕೆ ಸುರಿದಳು. "ನಾಳೆ ಮೊದ್ಲ ಬುಟ್ಟಿ ನಮ್ದು. ಆಮೇಲೆ ನಿನ್ನ ಐಸು."

ಆ ದಿನ ಅವಳ ಮನೆಯಲ್ಲಿ ಬರೀ ಗಂಜಿನೀರು. 

ಮರುದಿನ ಬಲೆ ಬಂತು. ದೇವಪ್ಪ ಹೊಳೆಯುವ ನಂಗು ತುಂಬಿದ ಮೊದಲ ಬುಟ್ಟಿಯನ್ನು ಕಾಲಲ್ಲಿ ಹೊನ್ನಿಯತ್ತ ದೂಡಿದ.

ಅವಳು ಅಲುಗಲಿಲ್ಲ.

"ಕೈಲಿ ಎತ್ತಿ ಕೊಡು," ಎಂದಳು.

ಲಾರಿ ಹಾರ್ನ್ ಹೊಡೆಯಿತು. ದೇವಪ್ಪ ಬಗ್ಗಿದ.