ಬಾಲ ಕಟ್ಟಿದವಳು

"ಇನ್ನೂ ಹೊಡಿಯೋ, ಕೈಯಲ್ಲಿ ಜೀವ ಇಲ್ವಾ?" ಎಂದು ಕೇವ್ತಾ ಗದರಿದಳು. ವಿಸುತ್ ಉಸಿರು ಬಿಗಿಹಿಡಿದು ಸೈಕಲ್ ಪಂಪನ್ನು ಒತ್ತಿದ. ತಲೆಕೆಳಗಾಗಿ ನಿಂತಿದ್ದ ಪ್ಲಾಸ್ಟಿಕ್ ಬಾಟಲಿಯೊಳಗೆ ನೀರು ಗುಳುಗುಳು ಎಂದಿತು.

ಯಸೋಥೋನ್ ಸೀಮೆಯ ಆ ಶಾಲೆಯಲ್ಲಿ ಎಂಟನೇ ತರಗತಿಯ ಮಕ್ಕಳು ತಾವೇ ಮಾಡಿದ ನೀರಿನ ರಾಕೆಟ್ ಹಾರಿಸುವ ದಿನ ಅದು. ಉಳಿದ ಗುಂಪುಗಳ ಬಾಟಲಿಗಳಿಗೆ ರಟ್ಟಿನ ರೆಕ್ಕೆಗಳಿದ್ದವು. ಕೇವ್ತಾ, ವಿಸುತ್, ಖಾಮ್ ಮೂವರ ಬಾಟಲಿಗೆ ಮಾತ್ರ ಒಂದು ಮಾರುದ್ದದ ಬಿದಿರಿನ ಬಾಲ. "ಭಾರ ಆಗುತ್ತಮ್ಮ, ರೆಕ್ಕೆ ಸಾಕು" ಎಂದು ಅಮ್ನುಯ್ ಮೇಷ್ಟ್ರು ಮೊದಲೇ ಹೇಳಿದ್ದರು. ಕೇವ್ತಾ ಕೇಳಿರಲಿಲ್ಲ. ಬಾಲವಿಲ್ಲದ್ದೂ ಒಂದು ರಾಕೆಟ್ಟೇ?

ಅವಳ ಅಜ್ಜ ಫಾನ್ ಊರಿಗೆಲ್ಲ ಹೆಸರಾದ ರಾಕೆಟ್ ಕಸುಬಿನವನು. ಮಳೆ ಬೇಡಿ ಆಕಾಶಕ್ಕೆ ಬಿಡುವ ಮದ್ದಿನ ರಾಕೆಟ್ಟುಗಳಿಗೆ ಹೆಣ್ಣುಮಕ್ಕಳು ಕೈ ಹಚ್ಚುವಂತಿಲ್ಲ. ಒಮ್ಮೆ ಅವಳು ಆಸೆಯಿಂದ ಅಂಥದೊಂದರ ಬಾಲ ಮುಟ್ಟಿದ್ದಳು. ಅಜ್ಜ ಬೈಯಲಿಲ್ಲ, ಹೆಗಲ ಮೇಲಿನ ಚೌಕಳಿ ಬಟ್ಟೆಯಿಂದ ಅವಳು ಮುಟ್ಟಿದ ಜಾಗವನ್ನು ಒರೆಸಿಬಿಟ್ಟ. ಬೈದಿದ್ದರೇ ವಾಸಿಯಿತ್ತು. ಇವತ್ತು ಅವನನ್ನು ಕಾಡಿಬೇಡಿ ಕರೆತಂದವಳು ಅವಳೇ. ತಾನೂ ರಾಕೆಟ್ ಮಾಡಬಲ್ಲೆ ಎಂದು ಅವನೇ ಕಣ್ಣಾರೆ ನೋಡಬೇಕಿತ್ತು. ಅಜ್ಜ ಬೇಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

ಖಾಮ್ ಬಾಟಲಿಯ ಬಿರಡೆಗೆ ಕಟ್ಟಿದ್ದ ದಾರ ಎಳೆದ. ಬಾಟಲಿ ಬುಸ್ಸೆಂದು ನೀರು ಕಾರುತ್ತ ಧ್ವಜದ ಕಂಬದಷ್ಟು ಎತ್ತರಕ್ಕೆ ಏರಿತು. ಅಷ್ಟೆ. ಬಾಲ ತೂಗಾಡಿ, ರಾಕೆಟ್ ಮಗುಚಿ, ಶಾಲೆಯ ಹಿಂದಿನ ಭತ್ತದ ಗದ್ದೆಯ ಕೆಸರಿಗೆ ಪಚಕ್ಕನೆ ಬಿತ್ತು.

"ಕೆಸರಿಗೆ! ಕೆಸರಿಗೆ!" ಇಡೀ ಶಾಲೆ ಕುಣಿಯಿತು. ಹಾರದ ರಾಕೆಟ್ ಮಾಡಿದವರನ್ನು ಎತ್ತಿ ಕೆಸರಿಗೆ ಹಾಕುವುದು ಆ ಸೀಮೆಯ ರೂಢಿ. ಎಂಥ ದೊಡ್ಡ ಮನುಷ್ಯನಿಗೂ ಅದರಲ್ಲಿ ವಿನಾಯಿತಿ ಇಲ್ಲ. ವಿಸುತ್ ಹೋದ, ಖಾಮ್ ಹೋದ. ಕೇವ್ತಾಳತ್ತ ಬಂದ ಹುಡುಗರು ತಟ್ಟನೆ ನಿಂತರು.

"ಇವ್ಳನ್ನ ಬಿಡ್ರೋ, ಹುಡುಗಿ. ಸುಮ್ನೆ ಜೊತೇಲಿದ್ಲು ಅಷ್ಟೆ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಹುಡುಗರ ಎದುರಿಗೇ ನುಗ್ಗಿದಳು.

"ಜೊತೇಲಿದ್ಲಂತೆ! ಬಾಲ ಕಟ್ಟಿದ್ದು ನಾನು. ಮೇಷ್ಟ್ರು ಬೇಡ ಅಂದ್ರೂ ಕಟ್ಟಿದ್ದು ನಾನು. ಕೆಡಿಸಿದ್ದೂ ನಾನೇ. ಎತ್ತಾಕ್ರೋ!"

ಕೆಸರಿನೊಳಗಿಂದ ವಿಸುತ್ ಕೂಗಿದ: "ಹೌದ್ರೋ! ನಾನು ಬರೀ ಪಂಪ್ ಹೊಡ್ದೋನು. ಅವಳನ್ನ ಬಿಟ್ಟು ನನ್ನ ಹಾಕಿದ್ದೀರಲ್ಲ, ಇದ್ಯಾವ ನ್ಯಾಯ?"

ಹುಡುಗರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಅಜ್ಜನ ಮುಖ ನೋಡಿದರು. ಫಾನ್ ನಿಧಾನವಾಗಿ ಎದ್ದು ಬಂದ. ಬದುವಿನ ಮೇಲೆ ನಿಂತು ರಾಕೆಟ್ಟನ್ನು ಎಳೆದುಕೊಂಡ. ಬಾಲದ ಗಂಟನ್ನು ಹೆಬ್ಬೆರಳಿನಿಂದ ಸವರಿದ.

"ಈ ಗಂಟು ನಿಂಗ್ಯಾರು ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ಅಜ್ಜ. ನೀನು ಕಟ್ಟೋವಾಗ ಗೋಡೆ ಸಂದೀಲಿ ನಿಂತು ನೋಡ್ದೆ."

ಅಜ್ಜ ಗಂಟನ್ನು ಒಮ್ಮೆ ಜಗ್ಗಿ ನೋಡಿದ. ಆಮೇಲೆ ಹುಡುಗರ ಕಡೆ ತಿರುಗಿ ರೇಗಿದ: "ನನ್ನನ್ನ ಎಷ್ಟು ಸಲ ಕೆಸರಿಗೆ ಹಾಕವ್ರೆ, ನಂಗೇ ಗೊತ್ತಿಲ್ಲ. ಮಾಡ್ದೋರನ್ನ ಒಣಬಟ್ಟೇಲಿ ಮನೇಗೆ ಕಳಿಸ್ತಾರೇನ್ರೋ? ಏನ್ ಬಾಯ್ ಬಿಟ್ಕೊಂಡು ನಿಂತಿದ್ದೀರಿ?"

ಕೈಕಾಲು ಹಿಡಿದು, ಎರಡು ಸಲ ತೂಗಿ, ಎಸೆದರು. ಬಾಯಿ, ಮೂಗು, ಕಿವಿ ಎಲ್ಲ ಕೆಸರು. ಕೇವ್ತಾ ಕೆಮ್ಮುತ್ತ, ಉಗಿಯುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಜ್ಜ ಬಾಟಲಿಯಿಂದ ಬಿದಿರನ್ನು ಬಿಚ್ಚಿ ಅದರ ತುದಿಯನ್ನು ಅವಳತ್ತ ಚಾಚಿದ. ಅವಳು ಒಂದು ಕ್ಷಣ ಹಿಂಜರಿದಳು. "ಹಿಡ್ಕೊಳ್ಳೇ" ಎಂದ. ಹಿಡಿದುಕೊಂಡು ಮೇಲೆ ಹತ್ತಿದಳು.

ಬಿದಿರಿನ ಮೇಲೆ ಅವಳ ಐದೂ ಬೆರಳುಗಳು ಕೆಸರಿನಲ್ಲಿ ಮೂಡಿದ್ದವು. ಅಜ್ಜ ಅದನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯ ದಾರಿ ಹಿಡಿದ. ಚೌಕಳಿ ಬಟ್ಟೆ ಅವನ ಹೆಗಲ ಮೇಲೆಯೇ ಇತ್ತು.