ಮೂಗು ಒರೆಸುವ ಟೀಚರು

ಒಂದರೊಳಗೊಂದು ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ರುಖಿಯಮ್ಮ ಕಾಲಲ್ಲಿ ಒತ್ತಿ ಹಿಡಿದು ಎಳೆಯುತ್ತಿದ್ದಳು. ಶಾಮಿಯಾನದವನು ತಂದು ಇಳಿಸಿ ಹೋದ ಮೇಲೆ ಅವನ್ನು ಬಿಡಿಸಿ ಹಾಕಬೇಕೆಂದು ಅಂಗಳದಲ್ಲಿದ್ದ ಗಂಡಸರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಎಲ್ಲರೂ ಕೈಕಟ್ಟಿ ನಿಂತು ಟೀಚರಿಗೆ ಬಿಪಿ ಇತ್ತಾ, ಶುಗರ್ ಇತ್ತಾ ಎಂದು ವಿಚಾರಣೆ ನಡೆಸಿದ್ದರು. ಶಾಲೆಯಲ್ಲಿ ವರ್ಷಗಟ್ಟಲೆ ಬಿಸಿಯೂಟ ಬೇಯಿಸಿದ ರುಖಿಯಮ್ಮನಿಗೆ ಕೈಕಟ್ಟಿ ನಿಂತು ಅಭ್ಯಾಸವಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಕುರ್ಚಿಯಾದರೂ ಬಿಡಿಸೋಣ ಎಂದು ಅವಳು ಸೆರಗು ಸಿಕ್ಕಿಸಿದ್ದಳು.

"ನೀವು ಯಾಕೆ ಅದನ್ನೆಲ್ಲ ಎಳೀತೀರಿ ರುಖಿಯಮ್ಮ? ಒಳಗೆ ಹೋಗಿ ಕೂತ್ಕೊಳ್ಳಿ," ಎಂದರು ನಿತ್ಯಾನಂದರು. ಒಳಗೆ ಚಾವಡಿಯಲ್ಲಿ ಮಲಗಿಸಿದ್ದುದು ಅವರ ಹೆಂಡತಿ ಶಶಿಪ್ರಭಾ ಟೀಚರನ್ನು.

"ಕೂತ್ರೆ ಅಳು ಬರ್ತದೆ ನಿತ್ಯಣ್ಣ. ಹೇಗಾಯ್ತು ಇದು?"

"ಸಂಜೆ ಚಾ ಕುಡಿದು ಪೇಪರ್ ಹಿಡ್ಕೊಂಡು ಕೂತಿದ್ದಳು. ನಾನು ಮುಖ ತೊಳ್ದು ಬರುವಾಗ ಪೇಪರ್ ಕೆಳಗೆ ಬಿದ್ದಿತ್ತು. ಅಷ್ಟೇ." ನಿತ್ಯಾನಂದರು ಕೆಳಗಿನ ಕುರ್ಚಿಯ ಬೆನ್ನು ಒತ್ತಿ ಹಿಡಿದರು. "ಮಧ್ಯಾಹ್ನದ ಒಳಗೆ ಎತ್ತುವ ಅಂತ ಉಂಟು. ಶಾಲೆಯ ಮಕ್ಕಳು ಬರ್ತಾರಂತೆ. ಅಶೋಕ್ ಮಾಸ್ಟ್ರು ಫೋನ್ ಮಾಡಿದ್ರು."

ರುಖಿಯಮ್ಮನ ಕೈ ನಿಂತಿತು. ಮಕ್ಕಳು ಬರುತ್ತಾರೆಂದರೆ ಸಂತೋಷವೇ. ಆದರೆ ಮೂಗು ಮುಚ್ಚಿಕೊಂಡು ಮಾತ್ರ ಬರಬಾರದು. ಇವತ್ತೊಂದು ದಿನ ಅವು ಟೀಚರ ಮುಂದೆ ಮೂಗಿಗೆ ಕೈ ಒಯ್ಯದೆ ನಿಂತರೆ ಸಾಕೆಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

* * *

ಮಕ್ಕಳ ಮೂಗು ಒರೆಸಬೇಕೆಂದು ಯಾವ ಸರ್ಕಾರವೂ ಟೀಚರಿಗೆ ಆದೇಶ ಕೊಟ್ಟಿರಲಿಲ್ಲ. ವೇಣೂರಿನಿಂದ ಒಳದಾರಿ ಹಿಡಿದರೆ ಸಿಗುವ ಆ ಶಾಲೆಗೆ ಬಂದ ಮೊದಲ ಮಳೆಗಾಲದಲ್ಲೇ ಅವರು ಒಂದನೇ ಕ್ಲಾಸಿನ ಸಾಲುಸಾಲು ಸೋರುವ ಮೂಗುಗಳನ್ನು ನೋಡಿ, ಮೊದಲು ಇದು, ಆಮೇಲೆ ಅಕ್ಷರ ಎಂದು ತೀರ್ಮಾನಿಸಿಬಿಟ್ಟಿದ್ದರು. ನಿತ್ಯಾನಂದರು ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಕರೆದು ಜನ ಹತ್ತಿಸುವ ಬಸ್ ಏಜೆಂಟರಾಗಿದ್ದವರು. ಅವರ ಸವೆದ ಬಿಳಿ ಪಂಚೆಗಳನ್ನೆಲ್ಲ ಟೀಚರು ಚೌಕ ಚೌಕವಾಗಿ ಕತ್ತರಿಸಿ ತರುತ್ತಿದ್ದರು. ಅವನ್ನು ಕುದಿಸುವ ಕೆಲಸ ರುಖಿಯಮ್ಮನ ಅಡುಗೆಕೋಣೆಯದು. ಅದಕ್ಕೆಂದೇ ಹಿಡಿ ಮುರಿದ ಪಾತ್ರೆಯೊಂದು ಬೇರೆಯೇ ಇತ್ತು. ಅದು ಸಾಂಬಾರಿನ ಪಾತ್ರೆಯ ಪಕ್ಕ ಸುಳಿದರೂ ರುಖಿಯಮ್ಮ ಟೀಚರೆಂದೂ ನೋಡದೆ ಬೈಯುತ್ತಿದ್ದಳು.

ಬೆಳಿಗ್ಗೆ ಪ್ರಾರ್ಥನೆ ಮುಗಿದದ್ದೇ ಸಾಲು. ಟೀಚರು ಮೆಟ್ಟಿಲ ಮೇಲೆ ಕೂತು ಬಟ್ಟೆ ಹಿಡಿದು, "ಹ್ಞಾಂ, ಬಸ್ ಸ್ಟಾರ್ಟ್ ಮಾಡು," ಎನ್ನುವರು. ಮಗು ಉಸಿರು ಕಟ್ಟಿ ಡುರ್ರೆನ್ನಿಸಿದರೆ, "ಇದು ಎಕ್ಸ್‌ಪ್ರೆಸ್! ಸೀದಾ ಮೂಡುಬಿದಿರೆಗೆ ಹೋಯ್ತು," ಎಂದು ಬೆನ್ನು ತಟ್ಟುವರು. ಈ ಶಭಾಷ್‌ಗಿರಿಯ ಆಸೆಗೆ ನೆಗಡಿಯೇ ಇಲ್ಲದವರೂ ಬಂದು ಕಣ್ಣು ಮುಚ್ಚಿ ಮುಖ ಎತ್ತಿ ನಿಲ್ಲುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಇದೇನು ಸಾಲು ಎಂದು ಕೇಳಿದಾಗ ಒಬ್ಬಳು ಪುಟ್ಟಿ, "ನಿಮ್ಮದೂ ಒರೆಸ್ತಾರೆ ಸರ್, ಹಿಂದೆ ನಿಲ್ಲಿ," ಎಂದಿದ್ದಳು. ಆ ದಿನ ರುಖಿಯಮ್ಮ ನಗು ತಡೆಯಲಾರದೆ ಒಳಗೆ ಓಡಿಹೋಗಿ ಅಕ್ಕಿಯ ಗೋಣಿಯ ಮೇಲೆ ಕೂತುಬಿಟ್ಟಿದ್ದಳು. ಎಂಥ ಕಾಲ ಅದು! ಬಸ್ಸು ಓಡಿಸುವ ದಪ್ಪ ಮೀಸೆಯವರೂ ಮದುವೆ ಮನೆಯಲ್ಲಿ ಟೀಚರನ್ನು ಕಂಡರೆ ಊಟದ ಸಾಲಿನಿಂದ ಎದ್ದು ಬಂದು, "ನನ್ನ ಮೂಗು ಒರೆಸಿದ ಟೀಚರ್ ಇವರೇ," ಎಂದು ಹೆಂಡತಿಗೆ ತೋರಿಸುತ್ತಿದ್ದರು.

* * *

"ಮಕ್ಕಳನ್ನು ಯಾಕೆ ಕರ್ಕೊಂಡು ಬರುದು? ಹೆಣ ನೋಡಿ ಹೆದರುದಿಲ್ವಾ?" ಚಾವಡಿಯ ಅಂಚಿನಲ್ಲಿ ಕೂತಿದ್ದ ನಿತ್ಯಾನಂದರ ತಂಗಿ ಕೇಳಿದಳು.

"ಮಕ್ಕಳು ಅತ್ತಿಗೆಗೆ ಮೊದಲೇ ಹೆದರ್ತಾವೆ. ಏನೋ ಹೆಸರಿಟ್ಟಿದ್ದಾವಲ್ಲ, ಕಡ್ಡಿ ಟೀಚರ್ ಅಂತ," ಎಂದಳು ಪಕ್ಕದಲ್ಲಿದ್ದ ಇನ್ನೊಬ್ಬ ತಂಗಿ.

ರುಖಿಯಮ್ಮನಿಗೆ ಮೈಯೆಲ್ಲ ಉರಿಯಿತು. "ಆ ಹೆಸರು ನಿನ್ನೆ ಮೊನ್ನೆಯದು," ಎಂದಳು. "ಮೊದಲು ಬೇರೆ ಹೆಸರಿತ್ತು. ಅದು ನಿಮಗೆ ಗೊತ್ತಿಲ್ಲ."

* * *

ಕೊರೋನ ಮೂರನೇ ಸಲ ಬಂದ ಚಳಿಗಾಲವದು. ಆಸ್ಪತ್ರೆಯವರಿಗೆ ಎಲ್ಲ ಕಡೆ ಓಡಿ ಪೂರೈಸುವುದಿಲ್ಲ, ಶಾಲೆಯವರೇ ಮಕ್ಕಳ ಮೂಗಿನಿಂದ ಸ್ಯಾಂಪಲ್ ತೆಗೆಯಬೇಕು, ಅದಕ್ಕೆ ಬೆಳ್ತಂಗಡಿಯಲ್ಲಿ ತರಬೇತಿ ಕೊಡುತ್ತೇವೆ ಎಂದು ಮೇಲಿನಿಂದ ಹೇಳಿಕೆ ಬಂತು. ಹೆಡ್ಮಾಸ್ಟರ್ ಅಶೋಕರು ನೇರ ಅಡುಗೆಕೋಣೆಗೆ ಬಂದರು. ಟೀಚರು ಅಲ್ಲಿ ಚಾ ಕುಡಿಯುತ್ತಿದ್ದರು.

"ನಾನು ಮಾಡುದಿಲ್ಲ ಸರ್," ಎಂದರು ಟೀಚರು. "ಪಾಠ ಮಾಡ್ತೇನೆ, ಗಣತಿ ಮಾಡ್ತೇನೆ, ಚುನಾವಣೆಗೂ ಹೋಗ್ತೇನೆ. ಇದೊಂದು ಬೇಡ."

"ನಿಮ್ಮನ್ನು ಬಿಟ್ರೆ ಈ ಮಕ್ಕಳು ಬೇರೆ ಯಾರಿಗೆ ಮೂಗು ಕೊಡ್ತಾರೆ ಹೇಳಿ ಟೀಚರ್?" ಅಶೋಕರು ಹೊಗಳಿಕೆಗೆಂದು ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದರು. "ಹೊರಗಿನವರು ಬಂದು ಹಿಡಿದು ಚುಚ್ಚಿದ್ರೆ ನಿಮಗೆ ನೋಡ್ಲಿಕ್ಕೆ ಆಗ್ತದಾ?"

ಟೀಚರು ಚಾ ಅರ್ಧಕ್ಕೇ ಇಟ್ಟು, "ಆಯ್ತು," ಎಂದರು.

ತರಬೇತಿ ಮುಗಿದು ಸ್ಯಾಂಪಲ್ ತೆಗೆಯುವ ದಿನ ನೀಲಿ ಪ್ಲಾಸ್ಟಿಕ್ ಗೌನು ತೊಟ್ಟು, ಮುಖಕ್ಕೆ ಪಾರದರ್ಶಕ ಹಾಳೆ ಕಟ್ಟಿ ಅದೇ ಮೆಟ್ಟಿಲಿನ ಮೇಲೆ ಕೂತ ಟೀಚರ ಗುರುತೇ ಮಕ್ಕಳಿಗೆ ಹತ್ತಲಿಲ್ಲ. ದೊಡ್ಡ ಮಕ್ಕಳೂ ಹಿಂದೆ ಸರಿದು ನಿಂತವು. ಕೊನೆಗೆ ಟೀಚರು ಹಾಳೆ ಎತ್ತಿ, ಮಾಸ್ಕು ಇಳಿಸಿ, "ನಾನು ಮಕ್ಕಳೇ, ನಾನು," ಎಂದರು. ಒಂದನೇ ಕ್ಲಾಸಿನ ಪ್ರಾಪ್ತಿ ಆಗ ಓಡಿ ಬಂದಳು. ಶಾಲೆಗೆ ಸೇರಿ ಕೆಲವೇ ತಿಂಗಳಾಗಿದ್ದ ಹುಡುಗಿ. ದಿನವೂ ಬರುವಂತೆ ಬಂದು, ಕಣ್ಣು ಮುಚ್ಚಿ, ಮುಖ ಎತ್ತಿ, ಉಸಿರು ಕಟ್ಟಿ ನಿಂತಳು. ಟೀಚರ ಕೈಯಲ್ಲಿ ಬಟ್ಟೆಯಿರಲಿಲ್ಲ, ಕಡ್ಡಿಯಿತ್ತು.

ಅವಳ ಕಿರುಚಾಟಕ್ಕೆ ಸಾಲೇ ಚೆದುರಿತು. ರುಖಿಯಮ್ಮ ಹೋಗಿ ಒಬ್ಬೊಬ್ಬರನ್ನೇ ಎತ್ತಿ ತಂದು ತೊಡೆಯ ಮೇಲೆ ಕೂರಿಸಿಕೊಂಡಳು. ಟೀಚರು ಪರೀಕ್ಷೆ ಮುಗಿಸಿದರು. ಯಾರಿಗೂ ಏನೂ ಇರಲಿಲ್ಲ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಟೀಚರು ಬಟ್ಟೆ ಹಿಡಿದು ಮೆಟ್ಟಿಲಲ್ಲಿ ಕೂತರೆ ಒಬ್ಬರೂ ಬರಲಿಲ್ಲ. ಅವರನ್ನು ಕಂಡದ್ದೇ ಮಕ್ಕಳು ಕೈಯಲ್ಲಿ ಮೂಗು ಮುಚ್ಚಿ ಓಡತೊಡಗಿದವು. ಕೆಲವು ವಾರದಲ್ಲಿ ಹೆದರಿಕೆ ಹೋಗಿ ಅದೊಂದು ಆಟವಾಯಿತು. ಕಡ್ಡಿ ಟೀಚರ್ ಬಂದ್ರು ಎಂದು ಒಬ್ಬ ಕೂಗಿದರೆ ಎಲ್ಲರ ಕೈಯೂ ಮೂಗಿಗೆ.

"ಮಕ್ಕಳಾಟ ಟೀಚರೇ, ನೀವು ಮನಸ್ಸಿಗೆ ತಗೊಳ್ಳಬೇಡಿ," ಎಂದಿದ್ದಳು ರುಖಿಯಮ್ಮ.

"ಅವಕ್ಕೆ ಆಟ. ಅವಳು ಕಣ್ಣು ಮುಚ್ಚಿ ಬಂದಳಲ್ಲ ರುಖಿಯಮ್ಮ," ಎಂದರು ಟೀಚರು. "ಅಷ್ಟು ನಂಬಿ ಬಂದಳು." ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ವರ್ಷದ ಒಡನಾಟದಲ್ಲಿ ರುಖಿಯಮ್ಮ ಅವರು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. ಮೇ ತಿಂಗಳಲ್ಲಿ ಅವರಿಗೆ ನಿವೃತ್ತಿಯಾಯಿತು. ಮತ್ತೆ ಶಾಲೆಯ ಕಡೆ ಅವರು ಕಾಲಿಡಲಿಲ್ಲ. ವಾರ್ಷಿಕೋತ್ಸವಕ್ಕೆ ಕರೆದರೆ ಮಂಡಿನೋವು ಎನ್ನುತ್ತಿದ್ದರು. ಅದೇ ಮಂಡಿಯಲ್ಲಿ ಸಂತೆಗೆ ನಡೆದೇ ಹೋಗಿಬರುತ್ತಿದ್ದರು. ದಾರಿಯಲ್ಲಿ ಎದುರಾದ ಶಾಲೆಯ ಮಕ್ಕಳ ಕೈ ಆಗಲೂ ಮೂಗಿಗೆ ಹೋಗುತ್ತಿತ್ತು.

* * *

ಮಕ್ಕಳು ಸಾಲಾಗಿ ಬಂದರು. ಎಲ್ಲರ ಕೈಯಲ್ಲೂ ಒಂದೊಂದು ಹೂವು. "ಗಲಾಟೆ ಮಾಡಬಾರದು. ಹೂ ಇಟ್ಟು, ಕೈಮುಗಿದು, ಆ ಕಡೆಯಿಂದ ಇಳಿಯಿರಿ," ಎಂದು ಅಶೋಕರು ಮೆಲ್ಲಗೆ ಹೇಳಿದರು. ರುಖಿಯಮ್ಮ ಕುರ್ಚಿಗಳನ್ನು ಬಿಟ್ಟು ಚಾವಡಿಯ ಕಂಬದ ಬಳಿ ಬಂದು ನಿಂತಳು.

ಒಳಗೆ ಊದುಬತ್ತಿಯ ಹೊಗೆ ಕಟ್ಟಿತ್ತು. ಸಾಲಿನ ಮುಂದಿದ್ದ ದೊಡ್ಡ ಕ್ಲಾಸಿನ ಹುಡುಗ ಇಹ್ಸಾನ್ ಮೆಟ್ಟಿಲು ಹತ್ತಿ ಟೀಚರ ಮುಖ ನೋಡಿದವನೇ ಮೂಗಿಗೆ ಕೈ ಒಯ್ದ. ಅವನನ್ನು ಕಂಡು ಹಿಂದಿನವನು, ಅವನ ಹಿಂದಿನವಳು, ಹೀಗೆ ಸಾಲಿನುದ್ದಕ್ಕೂ ಕೈಗಳು ಮೇಲೇರಿದವು. ಹೊಗೆಗೋ, ಹೆಣದ ಹೆದರಿಕೆಗೋ, ಹಳೆಯ ಅಭ್ಯಾಸಕ್ಕೋ ಯಾರಿಗೆ ಗೊತ್ತು? ಕೈ ತೆಗೀರಿ ಮಕ್ಕಳೇ ಎಂದು ಕೂಗಬೇಕೆನಿಸಿದರೂ ಸಾವಿನ ಮನೆಯೆಂದು ರುಖಿಯಮ್ಮ ತಡೆದುಕೊಂಡಳು. ಇವತ್ತೂ ಹೀಗೇ ಕಳಿಸಿಕೊಡಬೇಕಾಯಿತಲ್ಲ ಎಂದು ಅವಳು ಕಂಬಕ್ಕೆ ಒರಗಿದಳು.

ಅಷ್ಟರಲ್ಲಿ ಟೀಚರ ಮೂಗಿಗೆ ಇಟ್ಟಿದ್ದ ಹತ್ತಿ ಜಾರಿ, ಕೆಂಪು ನೀರು ತೆಳ್ಳಗೆ ತುಟಿಯ ಕಡೆಗೆ ಇಳಿಯಿತು.

"ಅಯ್ಯೋ! ಸ್ನಾನ ಮಾಡಿಸಿದವರು ಎಲ್ಲಿ? ಕರೀರಿ," ಎಂದು ನಿತ್ಯಾನಂದರ ತಂಗಿ ಎದ್ದು ಹಿಂದೆ ಸರಿದಳು. ಉಳಿದ ಹೆಂಗಸರೂ ಸರಿದರು. ರುಖಿಯಮ್ಮ ಒಂದು ಹೆಜ್ಜೆ ಮುಂದಿಟ್ಟು, ಸ್ನಾನವಾದ ಮೇಲೆ ತಾನು ಮುಟ್ಟಬಹುದೋ ಬಾರದೋ ತಿಳಿಯದೆ ನಿತ್ಯಾನಂದರ ಮುಖ ನೋಡಿದಳು.

ಆಗ ಇಹ್ಸಾನನ ಹಿಂದಿನಿಂದ ಒಬ್ಬ ಹುಡುಗಿ ಸಾಲು ಬಿಟ್ಟು ಬಂದಳು. ಎತ್ತರವಾಗಿದ್ದಳು, ಐದನೇ ಕ್ಲಾಸು. ಆದರೂ ರುಖಿಯಮ್ಮನಿಗೆ ಪ್ರಾಪ್ತಿಯ ಗುರುತು ತಪ್ಪಲಿಲ್ಲ. ಹೂವನ್ನು ಬದಿಗಿಟ್ಟು ಅವಳು ಮಂಡಿಯೂರಿ ಕೂತಳು. ಎಡಗೈಯನ್ನು ಟೀಚರ ತಲೆಯ ಹಿಂದೆ ಕೊಟ್ಟು ತುಸು ಎತ್ತಿ, ಕರ್ಚೀಫಿನಿಂದ ಮೂಗು ಒರೆಸಿದಳು. ಮಡಿಸಿ, ಒಣ ಮಗ್ಗುಲಿನಿಂದ ಮೇಲ್ದುಟಿ ಒರೆಸಿದಳು. ಗಡಿಬಿಡಿಯಿಲ್ಲದ ಆ ಒರೆಸುವ ರೀತಿ ಯಾರದೆಂದು ರುಖಿಯಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನೀರು ಮತ್ತೆ ಜಿನುಗಿತು. ಕರ್ಚೀಫು ಪೂರ್ತಿ ತೊಯ್ದಿತ್ತು. ಪ್ರಾಪ್ತಿ ಟೀಚರ ಮುಖದಿಂದ ಕಣ್ಣು ತೆಗೆಯದೆ ಬಲಗೈಯನ್ನು ಹಿಂದಕ್ಕೆ ಚಾಚಿದಳು. ಇಹ್ಸಾನ್ ಮೂಗಿನಿಂದ ಕೈ ಇಳಿಸಿ, ಜೇಬಿನಿಂದ ತನ್ನ ಕರ್ಚೀಫು ತೆಗೆದು ಅವಳ ಅಂಗೈಯಲ್ಲಿಟ್ಟ.